ಹೂಗೆಡ್ಡೆ ನೆಡಲು ಗುದ್ದಲಿಯೋ, ಕುರ್ಪಿಯೋ, ಕೊಳವೆಯೋ?

ನಲವತ್ತು ಸುಗಂಧರಾಜದ ಗೆಡ್ಡೆಗಳನ್ನು ತಂದ ವಾರವೇ ಅವುಗಳನ್ನು ನೆಡುವುದಕ್ಕೆಂದು ತಯಾರಾದ ಸಾಧನವೊಂದನ್ನೂ ಆನ್‌ಲೈನ್‌ನಲ್ಲಿ ತರಿಸಿದ್ದೆ. ತಗಡಿನ ಕೊಳವೆ, ಮೇಲೊಂದು ಹಿಡಿ, ಪಕ್ಕದಲ್ಲಿ ಇಂಚಿನ ಗುರುತು. ಒತ್ತಿ ತಿರುಗಿಸಿದರೆ ಮಣ್ಣು ಉಂಡೆಯಾಗಿ ಎದ್ದು ಬರುತ್ತದೆ, ಗೆಡ್ಡೆ ಇಟ್ಟು ಹಿಡಿಯನ್ನು ಅದುಮಿದರೆ ಅದೇ ಮಣ್ಣು ಮತ್ತೆ ಗುಂಡಿಗೆ ಬೀಳುತ್ತದೆ ಎಂದು ಡಬ್ಬಿಯ ಮೇಲಿನ ಚಿತ್ರ ಹೇಳುತ್ತಿತ್ತು. ನಮ್ಮದು ಕೆಮ್ಮಣ್ಣಿನ ಹಿತ್ತಲು. ಆಗ ಮಾರ್ಚ್ ತಿಂಗಳು. ಮೂರನೆಯ ಗುಂಡಿ ತೋಡುವಷ್ಟರಲ್ಲಿ ಕೊಳವೆಯ ಬಾಯಿ ಮುದುಡಿಹೋಯಿತು. ತೆಂಗಿನ ಬುಡ ಬಿಡಿಸಲು ಬಂದಿದ್ದ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತ ನಿಂತಿದ್ದರು. “ಚಕ್ಕುಲಿ ಒರಳನ್ನು ಹಿತ್ತಲಿಗೆ ಯಾಕೆ ತಂದಿರಿ ಸ್ವಾಮಿ? ಮೊದಲು ನೀರು ಬಿಡಿ. ನಾಳಿದ್ದು ಬಂದು ಅಗೆದುಕೊಡುತ್ತೇನೆ” ಎಂದರು.

ಹೇಳಿದಂತೆ ಬಂದು, ಗುದ್ದಲಿಯಲ್ಲಿ ಒಂದು ಗೇಣು ಆಳಕ್ಕೆ ಮಡಿಯನ್ನು ಅಗೆದು, ಹೆಂಟೆ ಒಡೆದು ಹೋದರು. ಆಮೇಲೆ ನಲವತ್ತು ಗೆಡ್ಡೆಗಳನ್ನು ಊರಲು ನನಗೆ ಯಾವ ಸಾಧನವೂ ಬೇಕಾಗಲಿಲ್ಲ, ಕೈಬೆರಳೇ ಸಾಕಾಯಿತು.

ಗೆಡ್ಡೆ ನೆಡುವ ಸಾಧನ ಎಂದೊಡನೆ ನಾವು ಗುಂಡಿ ತೋಡುವುದನ್ನಷ್ಟೇ ಯೋಚಿಸುತ್ತೇವೆ. ಶ್ರಮವೆಲ್ಲ ಇರುವುದು ಗುಂಡಿಯ ಕೆಳಗಿನ ಮಣ್ಣನ್ನು ಸಡಿಲಿಸುವುದರಲ್ಲಿ. ಬೇರು ಇಳಿಯುವುದು ಅಲ್ಲಿಗೆ, ಮಳೆಯ ನೀರು ಬಸಿಯುವುದೂ ಅಲ್ಲಿಂದಲೇ. ಆದ್ದರಿಂದ ಕೈಯಲ್ಲಿರುವ ಹಣದ ದೊಡ್ಡ ಪಾಲನ್ನು ಅಗೆಯುವ ಸಾಧನಕ್ಕೆ ಇಡಿ, ಉಳಿದದ್ದರಲ್ಲಿ ಒಂದು ಗಟ್ಟಿ ಕುರ್ಪಿ ತೆಗೆದುಕೊಳ್ಳಿ. ಕೊಳವೆ, ತಿರುಪು ಇತ್ಯಾದಿಗಳ ಮಾತು ಕೊನೆಗೆ.

ಮೊದಲು ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ

ಈರುಳ್ಳಿಯ ಹಾಗೆ ಪದರ ಪದರವಾಗಿರುವುದನ್ನೂ, ಚಪ್ಪಟೆಯಾಗಿ ಒಳಗೆಲ್ಲ ತಿರುಳೇ ಆಗಿರುವುದನ್ನೂ, ಗೆಣಸಿನ ಹಾಗೆ ಗೊಂಚಲಾಗಿರುವುದನ್ನೂ ಕನ್ನಡದಲ್ಲಿ ಗೆಡ್ಡೆ ಎಂದೇ ಕರೆಯುತ್ತೇವೆ. ನೆಡುವಾಗ ಮಾತ್ರ ಒಂದೊಂದಕ್ಕೂ ಒಂದೊಂದು ಬಗೆಯ ಜಾಗ ಬೇಕು.

ಸುಗಂಧರಾಜದ ಗೆಡ್ಡೆ ಎರಡು ಮೂರು ಸೆಂಟಿಮೀಟರ್ ದಪ್ಪ. ಐದಾರು ಸೆಂಟಿಮೀಟರ್ ಆಳ ಸಾಕು. ಗ್ಲಾಡಿಯೋಲಸ್ ಚಪ್ಪಟೆ ಬಿಲ್ಲೆಯಂತಿರುತ್ತದೆ, ಅದರ ಹೂದಂಟು ಗಾಳಿಗೆ ವಾಲುವುದರಿಂದ ಸ್ವಲ್ಪ ಹೆಚ್ಚು, ಎಂಟು ಸೆಂಟಿಮೀಟರ್‌ವರೆಗೆ ಹೋಗಬಹುದು. ಮಳೆ ಲಿಲ್ಲಿಯದು ಸಾಂಬಾರ್ ಈರುಳ್ಳಿಯ ಗಾತ್ರ. ಎರಡು ಬೆರಳಿನಷ್ಟು ಆಳದಲ್ಲಿ ಕೂರಿಸಿದರೆ ಆಯಿತು. ದೊಡ್ಡ ಕೆಂಪು ಹೂವಿನ ಅಮರಿಲ್ಲಿಸ್‌ನ ಕುತ್ತಿಗೆ ಮಣ್ಣಿನ ಮೇಲೆಯೇ ಇರಬೇಕು, ಪೂರ್ತಿ ಹೂತರೆ ಕೊಳೆಯುತ್ತದೆ. ಮುಂಗಾರಿಗೆ ಮುಂಚೆ ಕೆಂಪು ಚೆಂಡಿನಂತೆ ಅರಳುವ ಮೇ ಹೂವಿನ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬಂದರೆ ಸಾಕು. ಡೇಲಿಯಾಕ್ಕೆ ಆಳಕ್ಕಿಂತ ಅಗಲ ಮುಖ್ಯ. ಬೆರಳುಗಳ ಹಾಗೆ ಹರಡಿಕೊಂಡಿರುವ ಅದರ ಗೆಡ್ಡೆಗಳನ್ನು ಅಡ್ಡಲಾಗಿ ಮಲಗಿಸಬೇಕು. ಅದನ್ನು ಕೊಳವೆಯ ಗುಂಡಿಗೆ ತುರುಕಲು ಹೋದವರು ಕುತ್ತಿಗೆ ಮುರಿಯುತ್ತಾರೆ, ಗೆಡ್ಡೆಯ ಕುತ್ತಿಗೆಯನ್ನು. ಕುತ್ತಿಗೆಯಲ್ಲಿರುವ ಕಣ್ಣು ಹೋದರೆ ಉಳಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ.

ಗೌರಿ ಹೂವು ಅಥವಾ ಅಗ್ನಿಶಿಖೆಯ ಗೆಡ್ಡೆಯ ಬಗ್ಗೆ ಮಾತ್ರ ಎಚ್ಚರ. ನೇಗಿಲಿನ ಹಾಗೆ ಬಾಗಿರುವ ಈ ಗೆಡ್ಡೆಯ ತುದಿ ಬಹಳ ಸುಲಭವಾಗಿ ಮುರಿಯುತ್ತದೆ, ಚಿಗುರುವ ಕಣ್ಣು ಇರುವುದು ಆ ತುದಿಯಲ್ಲೇ. ಅದಕ್ಕಿಂತ ಮುಖ್ಯವಾಗಿ, ಇದರಲ್ಲಿ ಕಾಲ್ಚಿಸಿನ್ ಎಂಬ ತೀವ್ರ ವಿಷವಿದೆ. ಗೆಣಸು ಎಂದು ತಿಳಿದು ತಿಂದರೆ ಪ್ರಾಣಕ್ಕೇ ಅಪಾಯ. ಕೈಗವಸು ಹಾಕಿಕೊಂಡೇ ಮುಟ್ಟಿ, ಮಕ್ಕಳಿಗೆ ಸಿಗದಂತೆ ಇಡಿ, ಅಡಿಗೆಮನೆಯ ಚಾಕು ಚಮಚಗಳನ್ನು ಇದಕ್ಕೆ ಬಳಸಬೇಡಿ.

ತೋಟಗಾರಿಕೆಯ ಪುಸ್ತಕಗಳಲ್ಲಿ ‘ಗೆಡ್ಡೆಯ ಎತ್ತರದ ಮೂರರಷ್ಟು ಆಳ’ ಎಂಬ ಸೂತ್ರವನ್ನು ನೀವು ಓದಿರಬಹುದು. ಅದು ನೆಲ ಹೆಪ್ಪುಗಟ್ಟುವ ಊರುಗಳಲ್ಲಿ ಟ್ಯೂಲಿಪ್, ಡ್ಯಾಫೋಡಿಲ್ ನೆಡುವವರ ಲೆಕ್ಕ. ಅಲ್ಲಿ ಆಳವೇ ಗೆಡ್ಡೆಗೆ ಕಂಬಳಿ. ಆಗುಂಬೆಯಲ್ಲೋ ಮಡಿಕೇರಿಯಲ್ಲೋ ಅಷ್ಟು ಆಳಕ್ಕೆ ಹೂತ ಗೆಡ್ಡೆಯನ್ನು ಜುಲೈ ತಿಂಗಳಲ್ಲಿ ತೆಗೆದು ಮೂಸಿ ನೋಡಿದರೆ ಆ ಸೂತ್ರ ಇಲ್ಲಿಗಲ್ಲ ಎಂಬುದು ಗೊತ್ತಾಗುತ್ತದೆ.

ಅಳತೆಗೆ ಪಟ್ಟಿ ಬೇಡ. ಜೋಡಿಸಿದ ನಾಲ್ಕು ಬೆರಳು ಸುಮಾರು ಏಳು ಸೆಂಟಿಮೀಟರ್, ಒಂದು ಚೋಟು ಹದಿನೈದು, ಒಂದು ಗೇಣು ಇಪ್ಪತ್ತೆರಡರ ಆಸುಪಾಸು. ನಿಮ್ಮ ಕೈಯನ್ನು ಒಮ್ಮೆ ಸ್ಕೇಲಿನ ಮೇಲಿಟ್ಟು ನೋಡಿಕೊಂಡರೆ ಜೀವನಪೂರ್ತಿ ಸಾಕು.

ಮಣ್ಣಿನ ಹದ

ಯಾವ ಸಾಧನ ಬೇಕು ಎಂದು ತೀರ್ಮಾನಿಸುವುದು ಗೆಡ್ಡೆಗಿಂತ ಹೆಚ್ಚಾಗಿ ಮಣ್ಣು. ಮಳೆ ಬಂದ ಅಥವಾ ಚೆನ್ನಾಗಿ ನೀರುಣಿಸಿದ ಎರಡನೆಯ ದಿನ ಒಂದು ಚೋಟು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ. ಉಂಡೆಯಾಗಿ, ಹೆಬ್ಬೆರಳಿನಿಂದ ತಿವಿದರೆ ಪುಡಿಯಾದರೆ ಹದ ಬಂದಿದೆ. ಉಂಡೆ ಹಾಗೆಯೇ ಉಳಿದು, ಬೆರಳು ಸವರಿದ ಕಡೆ ಹೊಳೆದರೆ ಇನ್ನೂ ಎರಡು ದಿನ ಕಾಯಿರಿ. ಉಂಡೆಯೇ ಕಟ್ಟದಿದ್ದರೆ ಮತ್ತೆ ನೀರು ಬಿಡಿ. ಮರಳು ಮಣ್ಣಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದಕ್ಕೆ ಪರೀಕ್ಷೆಯ ಅಗತ್ಯವೂ ಇಲ್ಲ.

ಬೆಂಗಳೂರು, ಕೋಲಾರ, ತುಮಕೂರಿನ ಕೆಮ್ಮಣ್ಣು ಒಣಗಿದಾಗ ಇಟ್ಟಿಗೆ, ಹದದಲ್ಲಿದ್ದಾಗ ಬೆಣ್ಣೆ. ಅದೇ ಗುದ್ದಲಿ, ಅದೇ ತೋಳು. ಎರಡು ದಿನದ ಹಿಂದೆ ಬಿಟ್ಟ ನೀರು ಅರ್ಧ ಕೆಲಸ ಮಾಡಿಟ್ಟಿರುತ್ತದೆ. ಧಾರವಾಡ, ಗದಗ, ವಿಜಯಪುರದ ಎರೆಮಣ್ಣು ಬೇರೆಯೇ ಜಾತಿ. ಹಸಿಯಿದ್ದಾಗ ಸಾಧನಕ್ಕೆ ಮೆತ್ತಿಕೊಳ್ಳುತ್ತದೆ, ಒಣಗಿದಾಗ ಬಿರುಕು ಬಿಟ್ಟು ಕಲ್ಲಾಗುತ್ತದೆ, ನಡುವಿನ ಹದದ ದಿನಗಳು ಕೆಲವೇ ಕೆಲವು. ಅಲ್ಲಿ ನೆಲದ ಮಟ್ಟದಲ್ಲಿ ನೆಡುವುದನ್ನು ಬಿಟ್ಟು, ಮರಳು ಮತ್ತು ಗೊಬ್ಬರ ಬೆರೆಸಿ ಅರ್ಧ ಅಡಿ ಎತ್ತರದ ಮಡಿ ಕಟ್ಟುವುದು ಜಾಣತನ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಮೇಲಿನ ಮಣ್ಣು ತೆಳು, ಕೆಳಗೆ ಕಲ್ಲು. ಅಲ್ಲಿ ಪಿಕಾಸಿಯ ಪರಿಚಯ ಇರಬೇಕು, ಇಲ್ಲದಿದ್ದರೆ ಅಲ್ಲಿಯೂ ಏರುಮಡಿಯೇ ಗತಿ.

ಅಗೆಯುವ ಸಾಧನ

ಇಲ್ಲೊಂದು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಹಳೆ ಮೈಸೂರಿನ ಅಂಗಡಿಯಲ್ಲಿ ಹಾರೆ ಕೇಳಿದರೆ ಉದ್ದನೆಯ ಕಬ್ಬಿಣದ ಸರಳನ್ನು ಕೊಡುತ್ತಾರೆ. ಕರಾವಳಿಯವರು ಹಾರೆ ಎಂದಾಗ ಅವರ ಮನಸ್ಸಿನಲ್ಲಿರುವುದು ಮಣ್ಣು ಅಗೆದು ಎಳೆಯುವ, ಅಗಲ ಬಾಯಿಯ ಸಾಧನ. ನೆಂಟರ ಮನೆಯಲ್ಲಿ “ಹಾರೆ ಕೊಡಿ” ಎಂದು ಕೇಳುವ ಮುನ್ನ ಎಲ್ಲಿದ್ದೀರಿ ಎಂದು ನೆನಪಿಸಿಕೊಳ್ಳಿ. ಈ ಲೇಖನದಲ್ಲಿ ನಾನು ಗುದ್ದಲಿ ಎನ್ನುವುದು ಕಾವಿಗೆ, ಅಂದರೆ ಉದ್ದನೆಯ ಮರದ ಹಿಡಿಗೆ, ಅಡ್ಡಲಾಗಿ ಅಲಗು ಇರುವ, ತನ್ನ ಕಡೆಗೆ ಎಳೆದು ಅಗೆಯುವ ಸಾಧನಕ್ಕೆ.

ಮನೆಯ ಹಿತ್ತಲಿಗೆ ಗುದ್ದಲಿ ಕೊಳ್ಳುವವರು ಸಾಮಾನ್ಯವಾಗಿ ಮಾಡುವ ತಪ್ಪು, ಕೂಲಿಯವರು ಹಿಡಿಯುವಂಥ ಭಾರದ್ದನ್ನು ತರುವುದು. ದಿನವಿಡೀ ಅಗೆಯುವವರಿಗೆ ಭಾರವೇ ಬಲ, ಬೀಳುವ ತೂಕವೇ ಮಣ್ಣನ್ನು ಸೀಳುತ್ತದೆ. ಭಾನುವಾರದ ಒಂದು ಗಂಟೆ ಅಗೆಯುವ ನಮಗೆ ಎತ್ತುವುದೇ ಕಷ್ಟವಾಗುತ್ತದೆ. ಒಂದು ಕಿಲೋ ಆಸುಪಾಸಿನ, ಅಲಗು ಸ್ವಲ್ಪ ಕಿರಿದಾದ ಗುದ್ದಲಿ ಸಾಕು. ಅಂಗಡಿಯಲ್ಲಿ ಅಲಗನ್ನು ದಾರದಲ್ಲಿ ತೂಗುಬಿಟ್ಟು ಇನ್ನೊಂದು ಕಬ್ಬಿಣದಿಂದ ತಟ್ಟಿ ನೋಡಿ. ಗಂಟೆಯ ಹಾಗೆ ನಾದ ಬಂದರೆ ಒಳ್ಳೆಯದು, ಮಣ್ಣಿನ ಮಡಕೆ ಒಡೆದ ಹಾಗೆ ‘ದಡ್’ ಎಂದರೆ ಎಲ್ಲೋ ಬಿರುಕಿದೆ. ಅಂಗಡಿಯವರು ನಗಬಹುದು, ನಗಲಿ.

ಕಾವು ಅಲಗಿನಷ್ಟೇ ಮುಖ್ಯ. ಜಾಲಿ, ದಿಂಡಿಗದ ಕಾವು ಗಟ್ಟಿ, ಪೆಟ್ಟು ತಾಳುತ್ತದೆ. ಬಿದಿರು ಹಗುರ, ಆದರೆ ಗೆಣ್ಣಿನ ಹತ್ತಿರ ಸೀಳುತ್ತದೆ. ಯಾವ ಮರವಾದರೂ ನಾರು ಉದ್ದಕ್ಕೆ ನೇರವಾಗಿ ಓಡಿರಬೇಕು, ನಡುವೆ ಗಂಟು ಇರಬಾರದು. ಮಾರುಕಟ್ಟೆಯ ಕಾವುಗಳು ಹೆಚ್ಚಾಗಿ ಗಿಡ್ಡ. ಬಗ್ಗಿ ಅಗೆದು ಬೆನ್ನು ಹಿಡಿಸಿಕೊಳ್ಳುವುದಕ್ಕಿಂತ ಮೂರೂವರೆ ಅಡಿಯ ಕಾವನ್ನು ಹಾಕಿಸಿಕೊಳ್ಳಿ. ಅಲಗು ಅಲುಗಾಡತೊಡಗಿದರೆ ಬೆಣೆ ಹೊಡೆಸಿ. ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದರೆ ಮರ ಉಬ್ಬಿ ಬಿಗಿಯಾಗುತ್ತದೆ ನಿಜ, ಆದರೆ ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ. ಸಡಿಲವಾದ ಗುದ್ದಲಿಯನ್ನು ಎತ್ತಿ ಬೀಸುವವರ ಎದುರು ಯಾರೂ ನಿಲ್ಲಬಾರದು.

ಬೆನ್ನು, ಭುಜದ ನೋವು ಇರುವವರಿಗೆ ಗುದ್ದಲಿಗಿಂತ ನಾಲ್ಕು ಹಲ್ಲಿನ ಫೋರ್ಕ್ ಒಳ್ಳೆಯದು. ಅದನ್ನು ಬೀಸುವುದಿಲ್ಲ; ಕಾಲಿನಿಂದ ತುಳಿದು ಇಳಿಸಿ, ಹಿಂದಕ್ಕೆ ಒರಗಿ ಮಣ್ಣನ್ನು ಎಬ್ಬಿಸುತ್ತೇವೆ. ಇನ್ನೊಂದು ಲಾಭ, ಮುಂದೆ ಗೆಡ್ಡೆ ಕೀಳುವಾಗ ಅಲಗು ಕೊಯ್ಯುವಷ್ಟು ಗೆಡ್ಡೆಗಳನ್ನು ಹಲ್ಲುಗಳು ಕೊಯ್ಯುವುದಿಲ್ಲ. ಕೊಳ್ಳುವಾಗ ಹಲ್ಲು ಚೌಕ ಸರಳಿನಂತೆ ದಪ್ಪವಿದೆಯೇ, ತಗಡನ್ನು ಕತ್ತರಿಸಿ ಮಡಿಸಿದ್ದೇ ನೋಡಿ. ಅಂಗಡಿಯ ಮೆಟ್ಟಿಲಿಗೆ ಒಂದು ಹಲ್ಲನ್ನು ಒತ್ತಿ ಹಿಡಿದರೆ ಉತ್ತರ ಸಿಗುತ್ತದೆ. ಕಲ್ಲು ನೆಲದಲ್ಲಿ ಎಂಥ ಫೋರ್ಕ್ ಆದರೂ ಸೊಟ್ಟಗಾಗುತ್ತದೆ, ಅಲ್ಲಿಗೆ ತರಬೇಡಿ.

ಕುರ್ಪಿ

ನನ್ನ ಮಟ್ಟಿಗೆ ಹೂಗೆಡ್ಡೆಯವರ ನಿಜವಾದ ಸಂಗಾತಿ ಇದು. ಉತ್ತರ ಕರ್ನಾಟಕದಲ್ಲಿ ಕುರ್ಚಿಗಿ ಎನ್ನುವುದು, ನಮ್ಮ ಕಡೆ ಕಳೆ ತೆಗೆಯಲು ಕುಕ್ಕರಗಾಲಿನಲ್ಲಿ ಕೂತು ಹಿಡಿಯುವುದು ಚಪ್ಪಟೆ ಅಲಗಿನದು. ನರ್ಸರಿಗಳಲ್ಲಿ ಸಿಗುವ ಇನ್ನೊಂದು ಬಗೆ ಚಮಚದಂತೆ ಒಳಬಾಗಿರುತ್ತದೆ. ಮಣ್ಣನ್ನು ಮೊದಲೇ ಸಡಿಲಿಸಿದ್ದರೆ ಗೆಡ್ಡೆಗೆ ಈ ಎರಡನೆಯದೇ ಸರಿ. ಮಣ್ಣನ್ನು ಕೆದಕುವುದಲ್ಲದೆ ಎತ್ತಿ ಪಕ್ಕಕ್ಕೂ ಇಡುತ್ತದೆ. ಅಲಗು ಐದಾರು ಸೆಂಟಿಮೀಟರ್ ಅಗಲ, ಒಂದು ಚೋಟು ಉದ್ದ ಇರಲಿ. ಅದಕ್ಕಿಂತ ಅಗಲವಾದದ್ದು ಕುಂಡಕ್ಕೆ ಮಣ್ಣು ತುಂಬಲು ಚೆನ್ನ, ಗೆಡ್ಡೆಗಳ ನಡುವೆ ಗೆಡ್ಡೆ ಇಡಲು ಒರಟು.

ಕುರ್ಪಿ ಸಾಯುವುದು ಕುತ್ತಿಗೆಯಲ್ಲಿ. ಅಲಗು ಮತ್ತು ಹಿಡಿಯ ನಡುವಿನ ಆ ಎರಡಿಂಚು ಜಾಗವನ್ನು ನೋಡದೆ ಕೊಂಡ ಕುರ್ಪಿಗಳು ನನ್ನ ಹಿತ್ತಲಿನ ಮೂಲೆಯಲ್ಲಿ ಮೂರು ಬಿದ್ದಿವೆ. ತಗಡಿನ ಅಲಗಿಗೆ ತಂತಿಯಂಥ ಸರಳನ್ನು ಅಂಟಿಸಿದ ಕುರ್ಪಿ ಮೊದಲ ಕಲ್ಲಿಗೇ ತಲೆ ಬಾಗುತ್ತದೆ. ಕೊಳ್ಳುವ ಮೊದಲು ಹಿಡಿಯನ್ನು ಹಿಡಿದು, ಅಲಗಿನ ತುದಿಯನ್ನು ನೆಲಕ್ಕೆ ಊರಿ, ಮೈಭಾರ ಹಾಕಿ ನೋಡಿ. ಅಂಗಡಿಯವರು ಬೇಡ ಎಂದರೆ ಅವರಿಗೆ ತಮ್ಮ ಸರಕಿನ ಬಗ್ಗೆ ಗೊತ್ತಿದೆ ಎಂದು ತಿಳಿದು ಮುಂದಿನ ಅಂಗಡಿಗೆ ಹೋಗಿ. ಅಲಗಿನಿಂದ ಹೊರಟ ಕಬ್ಬಿಣದ ಬಾಲ ಹಿಡಿಯೊಳಗೆ ಅರ್ಧಕ್ಕಿಂತ ಹೆಚ್ಚು ಹೋಗಿರಬೇಕು, ಬಾಯಲ್ಲಿ ಕಬ್ಬಿಣದ ಬಳೆ ಬಿಗಿದಿರಬೇಕು.

ಸ್ಟೇನ್‌ಲೆಸ್ ಸ್ಟೀಲೋ, ಕಪ್ಪು ಉಕ್ಕೋ? ಎರೆಮಣ್ಣಿನವರಿಗೆ ಸ್ಟೇನ್‌ಲೆಸ್ ಎನ್ನುತ್ತೇನೆ. ನುಣುಪಾಗಿರುವುದರಿಂದ ಅದಕ್ಕೆ ಮಣ್ಣು ಕಡಿಮೆ ಮೆತ್ತುತ್ತದೆ, ಮಳೆಯಲ್ಲಿ ಮರೆತುಬಿಟ್ಟರೂ ತುಕ್ಕು ಹಿಡಿಯುವುದಿಲ್ಲ. ಕೆಮ್ಮಣ್ಣಿಗೆ ಕಪ್ಪು ಉಕ್ಕು. ಅರ ಹಾಕಿ ಉಜ್ಜಿದರೆ ಅಂಚು ಮತ್ತೆ ಹರಿತವಾಗುತ್ತದೆ, ಹೆಚ್ಚು ಕಾಲ ಹಾಗೆಯೇ ಉಳಿಯುತ್ತದೆ. ಆರೈಕೆ ಮಾತ್ರ ಬೇಕು. ಎರಡರಲ್ಲೂ ತೆಳ್ಳಗಿನದು ಬೇಡ.

ಹತ್ತಿರದಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ಅಂಗಡಿಗಿಂತ ಅಲ್ಲಿಗೇ ಹೋಗಿ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರರು ಬಡಿದು ಕೊಡುವ ಕುರ್ಪಿಗೆ ಕುತ್ತಿಗೆಯ ಕಾಯಿಲೆ ಇಲ್ಲ. ಅಲಗು, ಕುತ್ತಿಗೆ, ಬಾಲ ಎಲ್ಲ ಒಂದೇ ತುಂಡು. ಅಗಲ ಎಷ್ಟಿರಬೇಕು, ಎಷ್ಟು ಬಾಗಿರಬೇಕು ಎಂಬುದನ್ನು ರಟ್ಟಿನಲ್ಲಿ ಕತ್ತರಿಸಿ ತೋರಿಸಿದರೆ ಹಾಗೆಯೇ ಮಾಡಿಕೊಡುತ್ತಾರೆ. ವರ್ಷಕ್ಕೊಮ್ಮೆ ಅಂಚು ಹಣಿಸಿಕೊಂಡು ಬಂದರೆ ಮತ್ತೆ ಹೊಸದು. ಊರಿನ ಸಂತೆಗಳಲ್ಲೂ ಇಂಥವು ಸಿಗುತ್ತವೆ. ಬೆಂಗಳೂರಿನವರಿಗೆ ಎಸ್.ಜೆ.ಪಿ. ರಸ್ತೆಯ ಸುತ್ತಲಿನ ಕಬ್ಬಿಣದ ಅಂಗಡಿಗಳಿವೆ, ಜನವರಿ ಮತ್ತು ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆಗಳಿವೆ. ಪ್ರದರ್ಶನದ ಮಳಿಗೆಯಲ್ಲಿ ಬಣ್ಣ ನೋಡಿ ಮರುಳಾಗಬೇಡಿ, ನೆಲಕ್ಕೆ ಊರಿ ನೋಡುವ ಪರೀಕ್ಷೆ ಅಲ್ಲಿಯೂ ನಡೆಯಲಿ.

ಮನೆಗೆ ತಂದ ಮೇಲೆ ಎರಡು ಕೆಲಸ. ಅಲಗಿನ ಅಂಚಿನಲ್ಲಿ ಐದು ಮತ್ತು ಹತ್ತು ಸೆಂಟಿಮೀಟರಿಗೆ ಅರದಿಂದ ಕಚ್ಚು ಹಾಕಿ. ಅಚ್ಚು ಹಾಕಿದ ಅಂಕಿಗಳು ಒಂದೇ ಹಂಗಾಮಿನಲ್ಲಿ ಸವೆಯುತ್ತವೆ, ಕಚ್ಚು ಸವೆಯುವುದಿಲ್ಲ. ಹಿಡಿಗೆ ಕೆಂಪು ಅಥವಾ ಹಳದಿ ಪಟ್ಟಿ ಸುತ್ತಿ. ಹಸಿರು ಹಿಡಿಯ ಕುರ್ಪಿಯನ್ನು ತೋಟಕ್ಕೆಂದು ತಯಾರಿಸಿದವರು ಅದನ್ನು ಹುಲ್ಲಿನಲ್ಲಿ ಹುಡುಕಿ ನೋಡಿರಲಾರರು.

ಚೂಪು ಕೋಲು, ಕೊಳವೆ, ತಿರುಪು

ಚೂಪು ಕೋಲಿನಿಂದ ತೂತು ಮಾಡಿ ಗೆಡ್ಡೆ ಇಳಿಸುವುದು ನೋಡಲು ಸುಲಭ. ತೊಂದರೆ ಕಣ್ಣಿಗೆ ಕಾಣದ ಜಾಗದಲ್ಲಿದೆ. ತೂತಿನ ತಳ ಚೂಪಾಗಿರುವುದರಿಂದ ದುಂಡನೆಯ ಗೆಡ್ಡೆ ನಡುವಿನಲ್ಲೇ ಸಿಕ್ಕಿಕೊಂಡು, ಅದರ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ಬೇರಿಗೆ ಮಣ್ಣು ತಾಗುವುದಿಲ್ಲ, ಮಳೆಗಾಲದಲ್ಲಿ ಆ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಜಿಗುಟು ಮಣ್ಣಾದರೆ ಕೋಲು ಉಜ್ಜಿ ಉಜ್ಜಿ ತೂತಿನ ಗೋಡೆ ಮಡಕೆಯ ಒಳಮೈಯಂತೆ ನುಣುಪಾಗುತ್ತದೆ. ಮಳೆ ಲಿಲ್ಲಿಯಂಥ ಪುಟ್ಟ ಗೆಡ್ಡೆಗಳಿಗೆ ಕೋಲೇ ಬೇಕೆಂದರೆ ತುದಿಯನ್ನು ಮೊಂಡಾಗಿ ಕತ್ತರಿಸಿಕೊಳ್ಳಿ. ಹಳೆಯ ಗುದ್ದಲಿಯ ಮುರಿದ ಕಾವು ಇದಕ್ಕೆ ಹೇಳಿ ಮಾಡಿಸಿದ್ದು.

ಕೊಳವೆಯನ್ನು ನಾನು ಬೈದು ಮುಗಿಸಿದ್ದೇನಾದರೂ ಅದಕ್ಕೆ ನ್ಯಾಯ ಸಲ್ಲಿಸಬೇಕು. ಅದು ಹುಟ್ಟಿದ್ದು ಹುಲ್ಲುಹಾಸಿನ ನಡುವೆ, ಸದಾ ತೇವವಿರುವ ಮೆತ್ತನೆಯ ಮಣ್ಣಿನಲ್ಲಿ ಚೋಟುದ್ದದ ಗುಂಡಿ ತೋಡುವುದಕ್ಕೆ. ಹುಲ್ಲನ್ನು ಹಾಳು ಮಾಡದೆ ಬಿಲ್ಲೆಯಂತೆ ಎತ್ತಿ, ಗೆಡ್ಡೆ ಇಟ್ಟು, ಹಾಗೆಯೇ ಮುಚ್ಚಬಹುದು. ನಿಮ್ಮ ಮನೆಯ ಮುಂದಿನ ಹುಲ್ಲಿನ ನಡುವೆ ಮಳೆ ಲಿಲ್ಲಿ ಅರಳಿಸುವ ಆಸೆಯಿದ್ದರೆ ಕೊಳವೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ತಗಡಿನದು ಬೇಡ, ಬಾಯಿಗೆ ಹಲ್ಲು ಕೊರೆದಿರುವ ದಪ್ಪ ಉಕ್ಕಿನದು ಇರಲಿ; ನಿಂತುಕೊಂಡೇ ಕಾಲಿನಿಂದ ತುಳಿಯುವ ಉದ್ದ ಹಿಡಿಯದು ಇನ್ನೂ ಮೇಲು.

ಡ್ರಿಲ್ ಯಂತ್ರಕ್ಕೆ ಸಿಕ್ಕಿಸುವ ತಿರುಪು ಸರಳು ಈಚೆಗೆ ಎಲ್ಲ ವಿಡಿಯೋಗಳಲ್ಲೂ ಕಾಣುತ್ತದೆ. ಇಂಗ್ಲೆಂಡ್, ಕೆನಡಾ, ಅಮೆರಿಕದಲ್ಲಿರುವ ನಮ್ಮವರು ಅಕ್ಟೋಬರ್–ನವೆಂಬರ್‌ನಲ್ಲಿ ನೆಲ ಹೆಪ್ಪುಗಟ್ಟುವ ಮೊದಲು ನೂರಾರು ಟ್ಯೂಲಿಪ್ ಗೆಡ್ಡೆಗಳನ್ನು ಹದಿನೈದು ಸೆಂಟಿಮೀಟರ್ ಆಳಕ್ಕೆ ಇಳಿಸಬೇಕು. ಅವರಿಗೆ ಇದು ವರ. ಗೆಡ್ಡೆಯ ದಪ್ಪಕ್ಕಿಂತ ಸ್ವಲ್ಪ ಅಗಲದ ಸರಳನ್ನು ಆರಿಸಿ, ಡ್ರಿಲ್ಲನ್ನು ನಿಧಾನದ ಗೇರಿನಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿಯಬೇಕು. ಕಲ್ಲೋ ಮರದ ಬೇರೋ ಸಿಕ್ಕಿ ಸರಳು ತಟ್ಟನೆ ನಿಂತರೆ ತಿರುಗುವುದು ನಿಮ್ಮ ಮಣಿಕಟ್ಟು. ಊರಿನಲ್ಲಿ ಇಪ್ಪತ್ತು ಮೂವತ್ತು ಗೆಡ್ಡೆ ನೆಡುವವರು ಇದರ ಬೆಲೆಗೆ ಇನ್ನಷ್ಟು ಗೆಡ್ಡೆ ಕೊಳ್ಳಬಹುದು. ಟ್ಯೂಲಿಪ್‌ಗೆ ಹೂವು ಬಿಡಬೇಕಾದರೆ ಸುಮಾರು ಮೂರು ತಿಂಗಳ ಗಟ್ಟಿ ಚಳಿ ಬೇಕು. ಶ್ರೀನಗರದಲ್ಲಿ ಅದು ತಾನಾಗಿ ಸಿಗುತ್ತದೆ, ಬೆಂಗಳೂರಿನಲ್ಲಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಕೊಡಬೇಕಾಗುತ್ತದೆ.

ನೆಡುವ ದಿನ

ಹೊಸದಾಗಿ ಕಿತ್ತ ಸುಗಂಧರಾಜದ ಗೆಡ್ಡೆಗಳನ್ನು ನಾಲ್ಕಾರು ವಾರ ನೆರಳಿನಲ್ಲಿ ಹರಡಿ ಇಟ್ಟು, ಆಮೇಲೆ ನೆಡುವುದು ವಾಡಿಕೆ. ಅಷ್ಟು ದಿನ ಸಿಗುವುದರಿಂದ ಮಡಿಯ ಕೆಲಸವನ್ನು ಅವಸರವಿಲ್ಲದೆ ಮಾಡಬಹುದು. ಮೊದಲ ದಿನ ನೀರು. ಎರಡು ದಿನ ಬಿಟ್ಟು ಗುದ್ದಲಿಯಿಂದ ಅಥವಾ ಫೋರ್ಕಿನಿಂದ ಒಂದು ಗೇಣು ಆಳಕ್ಕೆ ಅಗೆತ. ಹೆಂಟೆಗಳನ್ನು ಗುದ್ದಲಿಯ ಹಿಂಬದಿಯಿಂದ ಒಡೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಒಂದು ವಾರ ಬಿಸಿಲಿಗೆ ಬಿಡಿ. ಕಳಿಯದ ಸಗಣಿ ಗೆಡ್ಡೆಗೆ ತಾಗಿದರೆ ಕೊಳೆತ ಖಂಡಿತ.

ನೆಡುವ ದಿನ ಎರಡು ಗೂಟ, ಒಂದು ಹುರಿ. ಅಂಗಡಿಯ ದುಬಾರಿ ಸಾಮಾನುಗಳಿಗಿಂತ ಈ ಹುರಿಯೇ ಮಡಿಗೆ ಅಂದ ಕೊಡುತ್ತದೆ. ಸುಗಂಧರಾಜಕ್ಕೆ ಸಾಲಿನಿಂದ ಸಾಲಿಗೆ, ಗೆಡ್ಡೆಯಿಂದ ಗೆಡ್ಡೆಗೆ ಸುಮಾರು ಒಂದಡಿ ಅಂತರವಿರಲಿ. ಗೆಡ್ಡೆಗಳನ್ನೆಲ್ಲ ಮೊದಲು ಮಣ್ಣಿನ ಮೇಲೆ ಅವವುಗಳ ಜಾಗದಲ್ಲಿ ಇಟ್ಟುಬಿಡಿ. ಆಮೇಲೆ ನೆಡುತ್ತ ಹೋಗಿ. ಕುರ್ಪಿಯನ್ನು ಒಳಬಾಗಿದ ಬದಿ ನಿಮ್ಮತ್ತ ಇರುವಂತೆ ಕಠಾರಿಯ ಹಾಗೆ ಹಿಡಿದು ನೇರ ಕೆಳಗೆ ಚುಚ್ಚಿ, ನಿಮ್ಮ ಕಡೆಗೆ ಎಳೆದು, ತೆರೆದ ಸಂದಿಯಲ್ಲಿ ಗೆಡ್ಡೆಯನ್ನು ಬೇರಿನ ಬದಿ ಕೆಳಗಾಗಿ ಕೂರಿಸಿ. ಕುರ್ಪಿ ಹೊರಗೆ ಬಂದೊಡನೆ ಮಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೇಲೆ ಅಂಗೈಯಿಂದ ಒತ್ತಿ, ಕಾಲಿನಿಂದ ತುಳಿಯಬೇಡಿ. ಈ ವರಸೆ ಕೈಗೆ ಹತ್ತಿದರೆ ಒಂದು ಗೆಡ್ಡೆಗೆ ಕಾಲು ನಿಮಿಷ ಸಾಕು. ಮೊದಲ ನೀರನ್ನು ಸಣ್ಣ ತೂತುಗಳ ಬಾಯಿಯ ಝಾರಿಯಿಂದ ಕೊಡಿ; ಪೈಪಿನಿಂದ ನೇರವಾಗಿ ಬಿಟ್ಟರೆ ಮಣ್ಣು ಕೊಚ್ಚಿಹೋಗಿ ಗೆಡ್ಡೆಗಳು ಎದ್ದು ಕೂರುತ್ತವೆ.

ಹೆಗ್ಗಣದ ಕಾಟವಿದ್ದರೆ ಗೆಡ್ಡೆಗಳ ಮೇಲೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮಾಡಿದ ಜಾಲರಿಯನ್ನು ಹಾಸಿ, ಮೇಲೆ ತೆಳ್ಳಗೆ ಮಣ್ಣು ಹರಡಿ. ಚಿಗುರು ಜಾಲರಿಯ ಕಣ್ಣಿನ ಮೂಲಕ ಮೇಲೆ ಬರುತ್ತದೆ. ದಪ್ಪ ದಂಟಿನ ಗಿಡಗಳಾದರೆ ಚಿಗುರು ಕಂಡೊಡನೆ ಜಾಲರಿ ತೆಗೆಯಬೇಕು. ಮಲೆನಾಡಿನ ಮುಳ್ಳುಹಂದಿಗೆ ಈ ಜಾಲರಿ ಲೆಕ್ಕಕ್ಕಿಲ್ಲ, ಅದಕ್ಕೆ ಬೇಲಿಯೇ ಬೇಕು.

ಕುಂಡದಲ್ಲಿ ಬೆಳೆಸುವವರಿಗೆ

ಬಾಲ್ಕನಿಯ ತೋಟದವರು ಇಷ್ಟೆಲ್ಲ ಓದಿ ಗಾಬರಿಯಾಗಬೇಕಿಲ್ಲ. ಕುಂಡದ ಮಣ್ಣನ್ನು ನೀವೇ ಬೆರೆಸುವುದರಿಂದ ಅಗೆಯುವ ಪ್ರಶ್ನೆಯೇ ಇಲ್ಲ. ಗೆಡ್ಡೆಗೆ ಬೇಕಾದ ಆಳ ಬಿಟ್ಟು ಕೆಳಗೆ ಮಣ್ಣು ತುಂಬಿ, ಗೆಡ್ಡೆ ಇಟ್ಟು, ಉಳಿದದ್ದನ್ನು ಮೇಲಿನಿಂದ ಸುರಿದರೆ ಗುಂಡಿ ತೋಡುವ ಕೆಲಸವೂ ಇಲ್ಲ. ಮಣ್ಣು ಸುರಿಯಲು ಓರೆಯಾಗಿ ಕತ್ತರಿಸಿದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಕೂರಿಸಲು ಕೈ. ಮುಂದೆ ಮಳೆ ಲಿಲ್ಲಿಯ ಕುಂಡ ಗಿಜಿಗಿಜಿಯಾಗಿ ತುಂಬಿ ಹಿಂಡು ಬಿಡಿಸಬೇಕಾದಾಗ ನಾನು ಬಳಸುವುದು ಹಿಡಿ ಸಡಿಲವಾಗಿ ಅಡಿಗೆಮನೆಯಿಂದ ನಿವೃತ್ತಿ ಪಡೆದ ದೋಸೆ ಸಟ್ಟುಗವನ್ನು. ಕುಂಡದ ಗೋಡೆಗೆ ಒರಗಿಸಿ ಇಳಿಸಿ ಸುತ್ತ ಒಮ್ಮೆ ಆಡಿಸಿದರೆ, ಕಲ್ಲಿನಿಂದ ದೋಸೆ ಏಳುವಂತೆ ಹಿಂಡು ಒಂದೇ ತುಂಡಾಗಿ ಏಳುತ್ತದೆ.

ತೊಳೆಯುವುದು, ಒರೆಸುವುದು

ಸುಗಂಧರಾಜ ಬೆಳೆಯುವವರು ಈ ಭಾಗವನ್ನು ಎರಡು ಸಲ ಓದಬೇಕು. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು ಈ ಬೆಳೆಯ ದೊಡ್ಡ ಶತ್ರು. ಬರಿಗಣ್ಣಿಗೆ ಕಾಣದ ಈ ಹುಳು ಒಂದು ತೋಟದಿಂದ ಇನ್ನೊಂದಕ್ಕೆ ಪ್ರಯಾಣ ಮಾಡುವುದು ಗೆಡ್ಡೆಯ ಜೊತೆಗೆ, ಚಪ್ಪಲಿಯ ಜೊತೆಗೆ, ಗುದ್ದಲಿಗೆ ಮೆತ್ತಿದ ಮಣ್ಣಿನ ಜೊತೆಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ‘ಶೃಂಗಾರ್’ ತಳಿ ಇದರ ಬಾಧೆಯನ್ನು ಒಂದಿಷ್ಟು ತಾಳಿಕೊಳ್ಳುತ್ತದೆ; ಬೇರೆ ತಳಿ ಬೆಳೆಸುವವರು ಎರವಲು ತಂದ ಗುದ್ದಲಿಯನ್ನು ತೊಳೆಯದೆ ಮಡಿಗೆ ಇಳಿಸಬಾರದು. ಎರವಲು ಕೊಟ್ಟವರ ಎದುರಿಗೇ ತೊಳೆದರೆ ಬೇಸರಪಟ್ಟುಕೊಳ್ಳುತ್ತಾರೆ, ಸ್ವಲ್ಪ ಮರೆಯಲ್ಲಿ ತೊಳೆಯಿರಿ.

ಮಣ್ಣನ್ನು ಪೂರ್ತಿ ಉಜ್ಜಿ ತೆಗೆಯುವುದೇ ಮುಖ್ಯ, ಔಷಧಿ ಆಮೇಲೆ. ಬ್ರಷ್ ಮತ್ತು ನೀರಿನಿಂದ ತೊಳೆದು ಬಿಸಿಲಲ್ಲಿ ಒಣಗಿಸಿ. ಗೆಡ್ಡೆ ಸೀಳುವ ಚಾಕುವಿನ ವಿಷಯ ಬೇರೆ. ಅಮರಿಲ್ಲಿಸ್‌ನಂಥ ಗೆಡ್ಡೆಗಳಲ್ಲಿ ಎಲೆಗೆ ಹಳದಿ ಮಚ್ಚೆ ತರಿಸುವ ನಂಜುರೋಗ ಚಾಕುವಿಗೆ ಅಂಟಿದ ರಸದಿಂದಲೂ ಹರಡುತ್ತದೆ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಚಾಕುವನ್ನು ತೊಳೆದು ಸ್ಪಿರಿಟ್‌ನಿಂದ ಒರೆಸಿ, ಅನುಮಾನ ಹು‌ಟ್ಟಿಸುವ ಗಿಡವನ್ನು ಕೊನೆಗೆ ಮುಟ್ಟಿ.

ಒಣಗಿದ ಕಬ್ಬಿಣಕ್ಕೆ ಕೊಬ್ಬರಿ ಎಣ್ಣೆಯ ಬಟ್ಟೆ ಸವರಿದರೆ ತುಕ್ಕು ದೂರ. ಮರದ ಕಾವಿಗೆ ಅಗಸೆ ಎಣ್ಣೆ, ಅದು ಒಣಗಿ ಪದರ ಕಟ್ಟುತ್ತದೆ. ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಆಯಿಲ್ ಬೇಡ, ಅದು ಮುಂದಿನ ಸಲ ಮಣ್ಣಿಗೇ ಇಳಿಯುತ್ತದೆ.

ಸಾಧನ ಎಂದು ಯಾರೂ ಎಣಿಸದ ಒಂದು ವಸ್ತು ಉಳಿದಿದೆ: ಹೆಸರಿನ ಕಡ್ಡಿ. ಮೇ ಹೂವೂ ಗೌರಿ ಹೂವೂ ವರ್ಷದ ಹಲವು ತಿಂಗಳು ನೆಲದೊಳಗೆ ಗುರುತಿಲ್ಲದೆ ಮಲಗಿರುತ್ತವೆ. ನನ್ನ ಹಿತ್ತಲಿನಲ್ಲಿ ಇಲಿ, ಹೆಗ್ಗಣ, ಕೊಳೆರೋಗ ಎಲ್ಲ ಸೇರಿ ತಿಂದದ್ದಕ್ಕಿಂತ ಹೆಚ್ಚು ಗೆಡ್ಡೆಗಳನ್ನು ಜನವರಿಯಲ್ಲಿ ಖಾಲಿ ಜಾಗವೆಂದು ತಿಳಿದು ನಾನೇ ಗುದ್ದಲಿಯಿಂದ ಸೀಳಿದ್ದೇನೆ. ನೆಟ್ಟ ದಿನವೇ ಪ್ಲಾಸ್ಟಿಕ್ ಪಟ್ಟಿಯಲ್ಲೋ ಬಿದಿರಿನ ಸೀಳಿನಲ್ಲೋ ಹೆಸರು, ತಿಂಗಳು, ಎಷ್ಟು ಗೆಡ್ಡೆ ಎಂಬುದನ್ನು ಬರೆದು ಊರಿ. ಪೆನ್ನಿನ ಶಾಯಿ ಒಂದು ಬೇಸಿಗೆಯ ಬಿಸಿಲಿಗೆ ಮಾಸಿಹೋಗುತ್ತದೆ. ಶಾಲೆಯ ಮಕ್ಕಳ ಪೆನ್ಸಿಲ್ಲಿನಲ್ಲಿ ಬರೆಯಿರಿ.